ಕರಡಿ ಸೀಮೆಗೊಂದು ಪಿಸ್ತೂಲು

ಎಂಟನೆಯ ಗುಂಡೂ ಕಾಗದಕ್ಕೆ ತಾಗಲಿಲ್ಲ.

ಇಪ್ಪತ್ತೈದು ಮೀಟರ್ ಆಚೆ ನೇತಾಡುತ್ತಿದ್ದ ಗುರಿಹಾಳೆಯ ವೃತ್ತಗಳು ಹೇಗಿದ್ದವೋ ಹಾಗೇ ಇದ್ದವು. ಮನೀಶ್ ಕಿವಿಗೆ ಹಾಕಿದ್ದ ಮುಚ್ಚಳವನ್ನು ಸರಿಮಾಡಿಕೊಂಡ, ತಪ್ಪು ಅದರದ್ದೇ ಎನ್ನುವ ಹಾಗೆ. ಪಕ್ಕದ ಸಾಲಿನಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬಳು ಮುತ್ತಿನ ಸರ ಹಾಕಿಕೊಂಡು, ಮನೆಯಲ್ಲಿ ಕೇಕ್ ಕತ್ತರಿಸುವಷ್ಟೇ ನಿರಾಳವಾಗಿ ಗುಂಡು ಹಾರಿಸುತ್ತಿದ್ದಳು.

ಒಂಬತ್ತನೆಯದಕ್ಕೆ ಪಿಸ್ತೂಲು ಸಿಕ್ಕಿಕೊಂಡಿತು. ಖಾಲಿ ತೋಟೆ ಹೊರಗೆ ಬೀಳದೆ ಅಡ್ಡಲಾಗಿ ನಿಂತಿತ್ತು.

"ಜಾಮ್," ಎಂದ ಮನೀಶ್, ಸ್ವಲ್ಪ ಸಂತೋಷದಿಂದಲೇ. ಕೆಡುವ ವಸ್ತುಗಳ ವಿಷಯದಲ್ಲಿ ಅವನು ಪರಿಣತ. ನೂರ್ಡ್‌ವೈಕ್ ಎಂಬ ಡಚ್ ಊರಿನ ಬಾಹ್ಯಾಕಾಶ ಕೇಂದ್ರದಲ್ಲಿ ಅವನ ಕೆಲಸವೇ ಅದು. ಉಪಗ್ರಹದ ಯಾವ ಭಾಗ ಯಾವಾಗ ಕೈಕೊಡಬಹುದೆಂದು ಮೊದಲೇ ಹೇಳುವುದು. "ಸ್ಪ್ರಿಂಗ್ ಹಳೆಯದಾಗಿರಬೇಕು. ಇಲ್ಲವೆ ತೋಟೆಯ ಅಳತೆ ಸರಿಯಿಲ್ಲ."

ಅವನನ್ನು ಈ ಕ್ಲಬ್ಬಿಗೆ ಅತಿಥಿಯಾಗಿ ಕರೆತಂದಿದ್ದ ಸಹೋದ್ಯೋಗಿ ಯೋಸ್ಟ್ ಪಿಸ್ತೂಲು ತೆಗೆದುಕೊಂಡ, ಸಿಕ್ಕಿಕೊಂಡ ತೋಟೆಯನ್ನು ಕೊಡವಿದ, ಅದರಲ್ಲೇ ತನ್ನ ಸಾಲಿನ ಹಾಳೆಗೆ ಆರು ಗುಂಡು ಹಾರಿಸಿದ. ಒಂದೂ ಸಿಕ್ಕಿಕೊಳ್ಳಲಿಲ್ಲ.

"ಸ್ಪ್ರಿಂಗ್ ಸರಿಯಾಗಿದೆ," ಎಂದ ಯೋಸ್ಟ್ ಇಂಗ್ಲಿಷಿನಲ್ಲಿ. "ಇದು ಹಿಂದಕ್ಕೆ ಒದೆಯುತ್ತದೆ. ಹಿಂದೆ ಒಂದು ಗಟ್ಟಿ ಕೈ ಇದ್ದರೆ ಮಾತ್ರ ಮುಂದಿನ ತೋಟೆ ಒಳಗೆ ಬರುತ್ತದೆ. ನೀನು ಹಿಡಿದೇ ಇಲ್ಲ. ಹಿಂದೆ ಯಾರೂ ಇಲ್ಲ ಅಂದುಕೊಂಡಿದೆ ಅದು."

ಮನೀಶ್ ನಕ್ಕ. ಅವನ ಲ್ಯಾಪ್‌ಟಾಪಿನಲ್ಲಿ ಹದಿನಾಲ್ಕು ಪಿಸ್ತೂಲುಗಳ ಒಂದು ಪಟ್ಟಿಯಿತ್ತು. ತೂಕ, ನಳಿಗೆಯ ಉದ್ದ, ಎಷ್ಟು ತೋಟೆ ಹಿಡಿಯುತ್ತದೆ, ಕೈಗವಸು ಹಾಕಿಕೊಂಡು ಒತ್ತಲು ಬರುತ್ತದೆಯೇ, ಕರಡಿಯ ತಲೆಬುರುಡೆಯನ್ನು ಎಷ್ಟು ಇಂಚು ತೂರುತ್ತದೆ ಎಂದೆಲ್ಲ ಇಪ್ಪತ್ತೆರಡು ಕಾಲಂಗಳು. ಹಿಡಿದವನ ಬಗ್ಗೆ ಒಂದು ಕಾಲಮ್ಮೂ ಇರಲಿಲ್ಲ.

ಹಾಳೆಯನ್ನು ಹತ್ತಿರಕ್ಕೆ ಎಳೆದು ನೋಡಿದರೆ ಮೂಲೆಯಲ್ಲಿ ಒಂದು ತೂತು ಇತ್ತು.

"ಅದು ನನ್ನದು, ಕ್ಷಮಿಸಿ," ಎಂದಳು ಅಜ್ಜಿ. "ಕೈ ಜಾರಿತು."

ನಾಲ್ಕು ಗಂಟೆಗೆ ಸರಿಯಾಗಿ ಯೋಸ್ಟ್ ಗಡಿಯಾರ ನೋಡಿದ. ಎರಡಕ್ಕೆ ಕಾಫಿ, ಎರಡೂವರೆಗೆ ಗುಂಡು, ನಾಲ್ಕಕ್ಕೆ ಮುಕ್ತಾಯ ಎಂದು ಮೂರು ವಾರ ಮೊದಲೇ ಬರೆದು ಕಳಿಸಿದ್ದ. ಈ ದೇಶದಲ್ಲಿ ಕರೆದರೆ ಕರೆದ ಹಾಗೆ. ತಾರೀಖು ಇರುತ್ತದೆ, ಸಮಯ ಇರುತ್ತದೆ, ಒಂದು ಬಿಸ್ಕತ್ತೂ ಇರುತ್ತದೆ. ತಾರೀಖು ಹೇಳದಿದ್ದರೆ ಕರೆದಿಲ್ಲ ಎಂದೇ ಲೆಕ್ಕ. ಮೊದಲೆರಡು ವರ್ಷ ಮನೀಶನಿಗೆ ಇದು ಕಲ್ಲು ಹೃದಯದವರ ಪದ್ಧತಿ ಅನ್ನಿಸಿತ್ತು. ಹನ್ನೊಂದು ವರ್ಷವಾದ ಮೇಲೆ ಅದೇ ಸರಿ ಅನ್ನಿಸತೊಡಗಿ, ಊರಿನ ಪದ್ಧತಿ ಏನಿತ್ತೆಂಬುದೇ ಮರೆತುಹೋಗಿತ್ತು.

"ಅಲ್ಲಾ, ನಿಜವಾಗಿ ಹೋಗುತ್ತೀಯಾ ಕರಡಿಗಳ ನಡುವೆ?" ಎಂದು ಲೈಡನ್ ಸ್ಟೇಷನ್ನಿನಲ್ಲಿ ಇಳಿಸುವಾಗ ಯೋಸ್ಟ್ ಕೇಳಿದ.

"ಬರುವ ಜೂನ್‌ನಲ್ಲಿ. ಹಳೇ ಸ್ನೇಹಿತರು ಕರೆದಿದ್ದಾರೆ."

ಹಾಗೆ ಹೇಳುವಾಗ ಅವನ ದನಿ ತನಗೇ ಹಿತವಾಗಿ ಕೇಳಿಸಿತು.

ಆಂಸ್ಟರ್‌ಡ್ಯಾಮ್ ಕಡೆಗಿನ ರೈಲಿನಲ್ಲಿ ಮಾತಾಡಬಾರದ ಬೋಗಿಗೇ ಹತ್ತಿದ. ಸುರುಳಿ ಸುತ್ತಿದ ಗುರಿಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಪಟ್ಟಿ ತೆರೆದ.

ಮನೀಶನನ್ನು ಕೇಳದೆ ಅವನ ಪರಿಚಯದವರು ಯಾರೂ ಏನನ್ನೂ ಕೊಳ್ಳುತ್ತಿರಲಿಲ್ಲ. ವಾಷಿಂಗ್ ಮಶೀನು, ಮಗುವಿನ ಕಾರ್ ಸೀಟು, ದೋಸೆ ಹೆಂಚು, ಎಲ್ಲಕ್ಕೂ ಅವನ ಪಟ್ಟಿಗಳಿದ್ದವು. ಕೊಂಡಾದ ಮೇಲೆ ಯಾರೂ ಫೋನ್ ಮಾಡುತ್ತಿರಲಿಲ್ಲ. ಅವನು ಹೇಳಿದ ವಸ್ತು ಕೆಡುತ್ತಿರಲಿಲ್ಲವಲ್ಲ.

ಒಂದು ತಿಂಗಳ ಹಿಂದೆ ಅಲಾಸ್ಕಾದಿಂದ ಸುಜಯನ ಮೆಸೇಜು ಬಂದಿತ್ತು. ಸುಜಯ್ ಸುರತ್ಕಲ್ ಹಾಸ್ಟೆಲಿನ ರೂಮ್‌ಮೇಟ್. ನಾಲ್ಕು ವರ್ಷ ಒಂದೇ ಬಕೆಟ್ಟಿನಲ್ಲಿ ಇಬ್ಬರೂ ಬಟ್ಟೆ ನೆನೆಸಿದ್ದರು. "ಬರುವ ಜೂನ್‌ಗೆ ಟ್ರೆಕ್ಕಿಂಗ್ ಉಂಟು. ಕರಡಿ ಇರುವ ಜಾಗ. ಸೆಮಿ ಆಟೊಮ್ಯಾಟಿಕ್ ಪಿಸ್ತೂಲು ಯಾವುದು ಒಳ್ಳೇದು, ನೋಡಿ ಹೇಳು ಮಾರಾಯ. ನಿನ್ನಷ್ಟು ಕೂತು ನೋಡುವವರು ಯಾರಿದ್ದಾರೆ?" ಅದಕ್ಕೂ ಮೊದಲು, ಮೇ ತಿಂಗಳಲ್ಲಿ, ಫೋನ್ ಇಡುವಾಗ ಸುಜಯ್ ಹೇಳಿದ್ದ: "ಬಾ ಮಾರಾಯ ಒಮ್ಮೆ ಈ ಕಡೆ."

ಮನೀಶ್ ಎರಡನ್ನೂ ಕೂಡಿಸಿದ. ಸ್ಥಳ ಇದೆ, ತಿಂಗಳು ಇದೆ, ಬಾ ಎಂದದ್ದೂ ಇದೆ. ಹನ್ನೆರಡು ದಿನ ರಜೆ ಹಾಕಿ ಮಂಜೂರು ಮಾಡಿಸಿಕೊಂಡ. ಹನ್ನೊಂದು ವರ್ಷದಲ್ಲಿ ತನ್ನನ್ನು ಯಾರೋ ತನಗಾಗಿಯೇ ಕರೆದದ್ದು ಇದೊಂದೇ ಸಲ ಎಂದು ಅವನಿಗೆ ಗೊತ್ತಿತ್ತು. ಇದೂ ಕೈತಪ್ಪಿದರೆ ಉಳಿಯುವುದು ಪಟ್ಟಿಗಳು ಮಾತ್ರ ಎಂಬುದೂ ಗೊತ್ತಿತ್ತು. ಆದ್ದರಿಂದಲೇ ತಾರೀಖು ಕೇಳಲು ಒಂದು ತಿಂಗಳಿಂದ ಹೆದರಿದ್ದ.

ಪಿಸ್ತೂಲಿಗಿಂತ ಮೆಣಸಿನ ಖಾರದ ಸ್ಪ್ರೇ ವಾಸಿ ಎಂದು ಓದಿದ ಕಡೆಯಲ್ಲೆಲ್ಲ ಬರೆದಿತ್ತು. ಆದರೆ ಸುಜಯ್ ಕೇಳಿದ್ದು ಪಿಸ್ತೂಲು. ಮೂರನೆಯ ಸಾಲಿನದು ಭಾರ, ನೋಡಲು ಕುರೂಪಿ, ಹತ್ತು ಮಿಲಿಮೀಟರಿನ ಗುಂಡು. ನಾಲ್ಕು ಸಾವಿರ ಸುತ್ತು ಹಾರಿಸಿದರೂ ಒಮ್ಮೆಯೂ ಸಿಕ್ಕಿಕೊಂಡದ್ದಿಲ್ಲ. ಹನ್ನೊಂದನೆಯದು ಹಗುರ, ಚಂದ. ಚಳಿ ಬಿದ್ದರೆ ಎರಡನೆಯ ಗುಂಡಿಗೇ ಸಿಕ್ಕಿಕೊಳ್ಳುತ್ತದೆ. ಆ ಸಾಲಿಗೆ ಕೆಂಪು ಬಣ್ಣ ಬಳಿದಿದ್ದ. ಪಟ್ಟಿಯ ಕೊನೆಯಲ್ಲಿ, ಯಾರೂ ಕೇಳದಿದ್ದರೂ, ಸೂಚನೆಯೊಂದನ್ನು ಸೇರಿಸಿದ್ದ: ಕರಡಿ ಎದುರಾದರೆ ಓಡಬಾರದು. ಅಲುಗಾಡದೆ ನಿಂತಿರಬೇಕು.

ಬೈಟನ್‌ವೆಲ್ಡರ್ಟ್ ಬಡಾವಣೆಯ ಮನೆ ತಲುಪಿದಾಗ ಹೆಂಡತಿ ಸಂಪ್ರೀತಾ ಕೆಳಗಿನ ಸೈಕಲ್ ಕೋಣೆಯಲ್ಲಿ ಆಯುಧಪೂಜೆಗೆ ಅಣಿ ಮಾಡುತ್ತಿದ್ದಳು. ಪಂಚಾಂಗದ ಪ್ರಕಾರ ನವಮಿ ಬುಧವಾರವೇ ಮುಗಿದಿತ್ತು. ಆದರೆ ಬುಧವಾರ ಅವಳಿಗೆ ಮೂರು ಮೀಟಿಂಗ್ ಇದ್ದವು. ದೇವರು ಶನಿವಾರಕ್ಕೆ ಹೊಂದಿಕೊಂಡಿದ್ದರು. ಮನೆಯೊಳಗೆ ಊದುಬತ್ತಿ ಹಚ್ಚಿದರೆ ಹೊಗೆಯ ಅಲಾರಂ ಕಿರುಚುವುದರಿಂದ ಪೂಜೆ ಕೆಳಗೆ. ಮೂರು ಸೈಕಲ್ಲು, ಎರಡು ಲ್ಯಾಪ್‌ಟಾಪು, ಮಿಕ್ಸಿ, ಎಲ್ಲದರ ಮೇಲೂ ಹಳದಿ ಸೇವಂತಿಗೆ. ಬೂದುಗುಂಬಳ ಸಿಗದೆ, ಮಕ್ಕಳು ಕಣ್ಣುಮೂಗು ಕೊರೆಯಲೆಂದು ಅಂಗಡಿಯವರು ರಾಶಿ ಹಾಕಿದ್ದ ಕಿತ್ತಳೆ ಬಣ್ಣದ ಕುಂಬಳ ತಂದಿದ್ದಳು.

"ತಾಗಿತಾ?" ಎಂದು ಕೇಳಿದಳು, ತಲೆ ಎತ್ತದೆ.

"ಪಿಸ್ತೂಲಿನ ಪ್ರಾಬ್ಲಮ್."

"ಕುಣಿಯಲಾರದವಳಿಗೆ ನೆಲ ಡೊಂಕಂತೆ. ಟಿಕೆಟ್ ತಗೊಂಡಾಯ್ತಾ?"

"ಇವತ್ತು ಡೇಟ್ಸ್ ಕೇಳ್ತೇನೆ."

"ಇನ್ನೂ ಕೇಳ್ಲೇ ಇಲ್ವಾ?" ಈಗ ತಲೆ ಎತ್ತಿದಳು. "ಯಾರೆಲ್ಲ ಬರ್ತಾರೆ ಅಂತಾದ್ರೂ ಗೊತ್ತುಂಟಾ?"

"ನಮ್ಮ ಹಾಸ್ಟೆಲಿನವ್ರು."

ಹದಿಮೂರು ವರ್ಷದ ಸಂಸಾರದಲ್ಲಿ ಯಾವ ಪ್ರಶ್ನೆ ಕೇಳಬಾರದು ಎಂಬುದನ್ನು ಇಬ್ಬರೂ ಚೆನ್ನಾಗಿ ಕಲಿತಿದ್ದರು. "ಹತ್ತು ನಿಮಿಷದಲ್ಲಿ ಮಂಗಳಾರತಿ," ಎಂದಳಷ್ಟೆ.

ಅವನು ಕೋಣೆಯ ಹೊರಗೆ, ಕಸದ ಡಬ್ಬಿಗಳ ಹತ್ತಿರ ಹೋಗಿ ಫೋನ್ ಮಾಡಿದ. ಅಲಾಸ್ಕಾದಲ್ಲಿ ಬೆಳಗಿನ ಏಳೂವರೆ.

"ಎಂಚಿನ ಮಾರಾಯ, ಎಂತ ಬೆಳಿಗ್ಗೆ ಬೆಳಿಗ್ಗೆ?" ಸುಜಯನ ಗಂಟಲು ಹಾಸ್ಟೆಲಿನಲ್ಲಿದ್ದಷ್ಟೇ ದೊಡ್ಡದು.

"ಪಿಸ್ತೂಲಿನ ವಿಷಯ."

"ಹಾಂ, ಹೇಳು ಹೇಳು. ಇವತ್ತೇ ಹೋಗಿ ತಗೊಳ್ಳುದು. ಅಂಗಡಿಯಲ್ಲಿ ಸೇಲ್ ಉಂಟು."

"ನಂಗೆ ರಜೆ ಸ್ಯಾಂಕ್ಷನ್ ಆಯ್ತು. ಜೂನ್ ಎಂಟರಿಂದ."

"ಒಳ್ಳೇದಾಯ್ತು. ಊರಿಗಾ?"

"ಅಲ್ಲಿಗೆ. ಟ್ರೆಕ್ಕಿಂಗಿಗೆ."

ಆ ಕಡೆ ಕಾಫಿ ಮಶೀನು ಗೊರಗೊರ ಎಂದು ನಿಂತಿತು.

"ಇಲ್ಲಿಗಾ? ನೀನಾ?"

"ನೀನು ಬಾ ಅಂದಿದ್ದಿಯಲ್ಲ."

"ಯಾವಾಗ?"

"ಮೇಯಲ್ಲಿ. ಫೋನ್ ಇಡುವಾಗ."

ಸುಜಯ್ ನಕ್ಕ. ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದೇ ಕಷ್ಟವಾದದ್ದು. "ಅದು ಎಲ್ಲರಿಗೂ ಹೇಳುದಲ್ವಾ ಮಾರಾಯ, ಬಾ ಅಂತ! ಫೋನ್ ಇಡುವಾಗ ಮತ್ತೆಂತ ಹೇಳುದು? ಬೇಜಾರು ಮಾಡ್ಬೇಡ. ಕ್ಯಾಬಿನ್‌ನಲ್ಲಿ ನಾಲ್ಕೇ ಮಂಚ. ನಾನು, ಶ್ರೀಜಿತ್, ಆದಿತ್ಯ, ಮತ್ತೆ ಆದಿತ್ಯನ ಭಾವ."

ಆದಿತ್ಯನ ಭಾವನನ್ನು ಮನೀಶ್ ನೋಡಿರಲಿಲ್ಲ. ಅವನಿಗೆ ಒಂದು ಮಂಚ ಇತ್ತು.

"ಗೊತ್ತುಂಟು," ಎಂದ. "ನಾನು ಸುಮ್ನೆ ಹೇಳಿದ್ದು. ಜೂನ್‌ನಲ್ಲಿ ಇಲ್ಲೂ ಕೆಲಸ ಉಂಟು."

"ಹಾಗೆ ಹೇಳು! ಹೆದರಿಸಿಬಿಟ್ಟೆ. ಪಿಸ್ತೂಲು ಯಾವುದು, ಬೇಗ ಮೆಸೇಜ್ ಹಾಕು, ಆಯ್ತಾ? ನೀನು ಹೇಳಿದ್ದೇ ಫೈನಲ್. ಸರಿ ಮತ್ತೆ, ಬಾ ಒಮ್ಮೆ ಈ ಕಡೆ."

ಫೋನ್ ಕಟ್ಟಾಯಿತು.

ಮನೀಶ್ ಡಬ್ಬಿಗಳ ನಡುವೆ ನಿಂತೇ ಇದ್ದ. ಮುಖ ಬಿಸಿಯಾಗಿತ್ತು, ನಾಚಿಕೆಯಿಂದ. ಹಬ್ಬಕ್ಕೆ ಬಂದ ನೆಂಟರಿಗೆ ಅಂಗಳದ ತುದಿಯವರೆಗೂ ಹೋಗಿ ಅಮ್ಮ "ಇನ್ನೊಮ್ಮೆ ಬನ್ನಿ" ಎನ್ನುತ್ತಿದ್ದಳು. ಮರುದಿನವೇ ಬಂದುಬಿಟ್ಟವರು ಯಾರೂ ಇರಲಿಲ್ಲ. ಐದು ವರ್ಷದ ಮಗುವಿಗೂ ಗೊತ್ತಿದ್ದ ವಿಷಯ. ತಾನು ಅದನ್ನು ಎಲ್ಲಿ ಬಿಟ್ಟೆ, ಯಾವ ವರ್ಷ ಬಿಟ್ಟೆ, ಅವನಿಗೆ ನೆನಪಾಗಲಿಲ್ಲ.

ನಾಚಿಕೆ ಆರಿದ ಮೇಲೆ ಸಿಟ್ಟು ಬಂತು. ಫೋನಿನಲ್ಲಿ ಪಟ್ಟಿ ತೆರೆದ. ಸುಜಯನಿಗೆ ಕಳಿಸುವ ಜಾಗದಲ್ಲಿ, ಕೆಂಪು ಬಳಿದಿದ್ದ ಹನ್ನೊಂದನೆಯ ಸಾಲಿನ ಪಿಸ್ತೂಲಿನ ಹೆಸರು ಬರೆದ. ಕೆಳಗೆ, "ಇದೇ ಬೆಸ್ಟ್. ಕಣ್ಣುಮುಚ್ಚಿ ತಗೊ" ಎಂದು ಸೇರಿಸಿದ. ಕಳಿಸುವ ಯೋಚನೆ ಇರಲಿಲ್ಲ. ಬರೆದರೆ ಹೇಗೆ ಕಾಣುತ್ತದೆಂದು ನೋಡಿದ ಅಷ್ಟೆ. ಚೆನ್ನಾಗಿಯೇ ಕಾಣುತ್ತಿತ್ತು. ಅವನ ಮಾತನ್ನು ಪ್ರಶ್ನಿಸುವವರು ಯಾರೂ ಇರಲಿಲ್ಲ. ನಾಲ್ವರು ನಂಬಿ ಮಲಗುತ್ತಾರೆ, ನಾಲ್ಕು ಮಂಚಗಳಲ್ಲಿ.

"ಮನೀಶ್! ಆರತಿ!"

ಅಳಿಸದೆ ಹಾಗೇ ಒಳಗೆ ಹೋದ.

"ಎಂತ ಹೇಳಿದ ಸುಜಯ್?"

"ಸೇಲ್ ಉಂಟಂತೆ."

ಸಂಪ್ರೀತಾ ಅವನ ಮುಖ ನೋಡಿದಳು. ಏನೋ ಕೇಳಲು ಹೊರಟವಳು ಆರತಿ ತಟ್ಟೆ ತೆಗೆದುಕೊಂಡಳು. ಸೈಕಲ್ಲುಗಳಿಗೆ ಬೆಳಗಿದಳು, ಮಿಕ್ಸಿಗೆ ಬೆಳಗಿದಳು. ಊರಿನಲ್ಲಿ ಬೂಬ ಮಾವನ ಮನೆಯಲ್ಲಿ ಈ ದಿನ ಕೋವಿಗೆ ಕುಂಕುಮ ಹಚ್ಚುತ್ತಿದ್ದುದು ಮನೀಶನಿಗೆ ನೆನಪಾಯಿತು. ಹಂದಿ ಓಡಿಸಲೆಂದು ಲೈಸೆನ್ಸು ಪಡೆದ ಕೋವಿ. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೋಗಿ ಕೂತು ಬರುತ್ತಿತ್ತು. ಮಾವ ಅದರಿಂದ ಏನನ್ನೂ ಕೊಂದವನಲ್ಲ. ಆದರೂ ರಾತ್ರಿ ನಾಯಿ ಬೊಗಳಿದರೆ ಇಡೀ ಕೇರಿ ಅವನ ಹೆಸರು ಹಿಡಿದು ಕೂಗುತ್ತಿತ್ತು.

"ಎಲ್ಲರ ಆಯುಧವೂ ಆಯ್ತು. ನಿಂದೆಲ್ಲಿ?" ಸಂಪ್ರೀತಾ ಮಾತು ಹಗುರ ಮಾಡಲು ನೋಡಿದಳು. "ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ, ಹಬ್ಬದ ದಿನವೇ ಗುಂಡು ಹೊಡೀಲಿಕ್ಕೆ ಹೋದವರದ್ದು?"

ಅವನ ಬಳಿ ಇದ್ದದ್ದು ಸುರುಳಿ ಸುತ್ತಿದ ಹಾಳೆ ಮಾತ್ರ.

"ಪಪ್ಪಾ, ಶೋ ಮೀ!" ಎಂಟು ವರ್ಷದ ಮಗಳು ಅನ್ವಿತಾ ಅದನ್ನು ಕಿತ್ತುಕೊಂಡು ಬಿಡಿಸಿದಳು. "ಹೋಲ್ಡ್ ಇಟ್. ಹಾಗಲ್ಲ, ಹೀಗೆ. ನಿಮ್ಮ ಫೋನ್ ಕೊಡಿ, ಫೋಟೊ."

ಅವನು ಫೋನ್ ಕೊಟ್ಟ. ಹಾಳೆಯ ಎರಡು ತುದಿ ಹಿಡಿದು ಎದೆಗೆ ಒತ್ತಿಕೊಂಡ, ಗೋಡೆಗೆ ಬೆನ್ನು ಕೊಟ್ಟು.

"ನಡುವೆ ಒಂದು ತೂತೂ ಇಲ್ಲ ಮಾರಾಯ್ರೆ," ಎಂದು ಸಂಪ್ರೀತಾ ನಕ್ಕಳು. ಒದ್ದೆ ಕುಂಕುಮದಲ್ಲಿ ಬೆರಳದ್ದಿ ವೃತ್ತದ ಸರಿಯಾಗಿ ನಡುವೆ ಒತ್ತಿದಳು. ಬೆರಳು ಕಾಗದದ ಮೂಲಕ ಅವನ ಎದೆಮೂಳೆಗೆ ತಾಗಿತು. ಎಷ್ಟೋ ತಿಂಗಳ ಮೇಲೆ ಅವಳು ಅವನ ಎದೆ ಮುಟ್ಟಿದ್ದಳು. ಅವನ ಕಣ್ಣು ತುಂಬಿತು. ಊದುಬತ್ತಿಯ ಹೊಗೆ ಎಂದು ಅವಳು ಬಾಗಿಲು ಸ್ವಲ್ಪ ಸರಿಸಿದಳು.

ಅನ್ವಿತಾ ಫೋನ್ ಎತ್ತಿ ಹಿಡಿದಳು. ಡಚ್ಚಿನಲ್ಲಿ, ಶಾಲೆಯ ಟೀಚರಿನ ದನಿಯಲ್ಲಿ, ಅಲುಗಾಡಬೇಡ ಎಂದು ಆಜ್ಞೆ ಮಾಡಿದಳು.

ಫೋನ್ ಒಮ್ಮೆ ನಡುಗಿತು.

"ಸುಜಯ್ ಅಂಕಲ್," ಎಂದು ಅವಳು ಪರದೆ ಒತ್ತಿ ಓದಿದಳು. "ಶಾಪ್‌ಗೆ ಹೊರಟಿದ್ದಾರೆ. ವಿಚ್ ಒನ್ ಅಂತೆ." ಆಮೇಲೆ ಹುಬ್ಬು ಗಂಟಿಕ್ಕಿದಳು. "ಪಪ್ಪಾ, ನೀವು ಬರೆದಿದ್ದೀರ, ಬಟ್ ಇಟ್ಸ್ ನಾಟ್ ಸೆಂಟ್. ಕಳಿಸ್ಲಾ?"

ಮೂರು ಹೆಜ್ಜೆ ಇಟ್ಟರೆ ಫೋನ್ ಕೈಗೆ ಬರುತ್ತಿತ್ತು. ಬೇಡ ಎನ್ನಲು ಬಾಯಿ ಸಾಕಿತ್ತು.

ಅವಳ ಹೆಬ್ಬೆರಳು ಹಸಿರು ಗುಂಡಿಯ ಮೇಲೆ ಕಾಯುತ್ತಿತ್ತು. ಎದೆಯ ನಡುವಿನ ಕುಂಕುಮ ಹಾಳೆಯಲ್ಲಿ ನಿಧಾನವಾಗಿ ಕೆಳಗಿಳಿಯತೊಡಗಿತ್ತು. ಮನೀಶ್ ಹಾಳೆಯ ತುದಿಗಳನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡು, ಓಡದೆ, ಅಲುಗಾಡದೆ, ನಿಂತೇ ಇದ್ದ.