ಆನೆ ಮನೆಯ ಬಾಗಿಲು

ಊರಿನ ಬಡಗಿಗೆ ಹೆತ್ತವರು ಇಟ್ಟ ಹೆಸರು ಅವನ ಹೆಂಡತಿಗೂ ಒಂದು ಗಳಿಗೆ ಯೋಚಿಸಿದರೆ ಮಾತ್ರ ನೆನಪಾಗುತ್ತಿತ್ತು. ಎಲ್ಲರ ಬಾಯಲ್ಲೂ ಅವನು ಕೂದಲು ಮೇಸ್ತ್ರಿ. ಹಾಗೆಂದು ಅವನ ತಲೆಯಲ್ಲಿ ಕೂದಲಿತ್ತೆಂದಲ್ಲ. ನಲವತ್ತು ತುಂಬುವ ಮೊದಲೇ ಅದು ಗುಡಿಸಿಟ್ಟ ಅಂಗಳದ ಹಾಗಾಗಿತ್ತು. ಚೌಕಟ್ಟಿನ ಮೂಲೆಗಳನ್ನು ಕೂಡಿಸಿದ ಮೇಲೆ ಆ ಸಂದಿಯಲ್ಲಿ ಒಂದು ಕೂದಲೆಳೆ ತೂರಿಸಿ ನೋಡುವುದು ಅವನ ಪದ್ಧತಿ. ಕೂದಲು ತೂರಿತೋ, ಇಡೀ ಚೌಕಟ್ಟನ್ನು ಬಿಚ್ಚಿ ಮತ್ತೆ ಉಳಿ ಹಿಡಿಯುತ್ತಿದ್ದ. ತನ್ನ ತಲೆ ಬರಿದಾದ ಮೇಲೆ ಹೆಂಡತಿಯ ಬಾಚಣಿಗೆಯಿಂದ ಒಂದೆಳೆ ಕಿತ್ತುಕೊಂಡು ಹೋಗುವುದು ರೂಢಿಯಾಯಿತು. ನನ್ನ ತಲೆ ಇರುವುದೇ ನಿಮ್ಮ ಕಿಟಕಿ ಬಾಗಿಲಿಗೆ ಎಂದು ಅವಳು ಗೊಣಗುವುದೂ ರೂಢಿಯಾಯಿತು.

ಕೆಲಸದ ಈ ಬಿಗಿ ಕೆಲಸದ ಕೊಟ್ಟಿಗೆಯಲ್ಲೇ ಇದ್ದಿದ್ದರೆ ಯಾರ ತಕರಾರೂ ಇರಲಿಲ್ಲ. ಅದು ಕೊಟ್ಟಿಗೆ ದಾಟಿ ಮನೆಯೊಳಗೂ ಬಂದಿತ್ತು. ಮಗ ಸೊಸೆ ಇಬ್ಬರೂ ಬೆಳಗಿನ ಬಸ್ಸಿಗೆ ಕೆಲಸಕ್ಕೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವರು. ಅವರ ಮಗಳು, ನಾಲ್ಕು ವರ್ಷದ ಗುಂಡಕ್ಕ, ಬೆಳೆಯುತ್ತಿದ್ದದ್ದು ತಾತನ ಮರದ ಸಿಪ್ಪೆಯ ರಾಶಿಯಲ್ಲೇ. ಹುಟ್ಟಿದಾಗ ದುಂಡಗಿದ್ದಳೆಂದು ಬಂದ ಹೆಸರು ಅದು. ಈಗ ಕಡ್ಡಿಯ ಹಾಗಿದ್ದರೂ ಹೆಸರು ಮಾತ್ರ ತೆಳ್ಳಗಾಗಿರಲಿಲ್ಲ. ಅವಳು ಚಪ್ಪಲಿಯನ್ನು ಅದಲುಬದಲು ಹಾಕಿಕೊಳ್ಳಲು ಹೊರಟರೆ ತಾತ ಬಗ್ಗಿ, "ಹಂಗಲ್ಲ, ತಾ ಇಲ್ಲಿ" ಎಂದು ಸರಿಮಾಡುತ್ತಿದ್ದ. ಅಂಗಿಯ ಗುಂಡಿಗೆ ಕೈ ಹಾಕಿದರೆ, ಹಂಗಲ್ಲ, ತಾ ಇಲ್ಲಿ. ಮರದ ಚೂರುಗಳನ್ನು ಒಂದರ ಮೇಲೊಂದಿಟ್ಟು ಗೋಪುರ ಕಟ್ಟಿದರೆ ಮೂಲೆಮಟ್ಟ ತಂದು ಅದರ ಪಕ್ಕಕ್ಕೆ ಹಿಡಿದು, ಓರೆಯಾಗಿದೆ ನೋಡು ಎಂದು ತಾನೇ ಕೆಡವಿ, ತಾನೇ ನೆಟ್ಟಗೆ ಕಟ್ಟಿಕೊಡುತ್ತಿದ್ದ. ಮೊಮ್ಮಗಳೆಂದರೆ ಅವನಿಗೆ ಪ್ರಾಣ. ಪ್ರೀತಿಯಿಂದಲೇ ಮಾಡುತ್ತಿದ್ದ, ಅದೇ ತೊಂದರೆ.

ಒಂದು ಮಧ್ಯಾಹ್ನ ಚಿಕ್ಕ ಮಕ್ಕಳ ಶಾಲೆಯ ಟೀಚರಮ್ಮ ಗುಂಡಕ್ಕನ ಕೈ ಹಿಡಿದುಕೊಂಡು ಕೊಟ್ಟಿಗೆಗೆ ಬಂದಳು. ಟೀಚರಮ್ಮ ಹುಟ್ಟಿದಾಗ ತೊಟ್ಟಿಲು ಮಾಡಿಕೊಟ್ಟವನೇ ಮೇಸ್ತ್ರಿ. ಹಾಗಾಗಿ ಅವಳಿಗೆ ಅವನ ಹತ್ತಿರ ಅಂಜಿಕೆ ಇರಲಿಲ್ಲ. ಮಗುವನ್ನು ಅಜ್ಜಿಯ ಕಡೆ ಓಡಿಸಿ, ಮರದ ದಿಮ್ಮಿಯ ಮೇಲೆ ಕೂತು, ಬಂದ ವಿಷಯ ಹೇಳಿದಳು. ಶಾಲೆಗೆ ಸೇರಿ ಎರಡು ತಿಂಗಳಾದರೂ ಗುಂಡಕ್ಕ ಇನ್ನೂ ಒಂದು ಸಾಮಾನನ್ನೂ ಕೈಯಿಂದ ಮುಟ್ಟಿಲ್ಲ. ಬೇರೆ ಮಕ್ಕಳು ಮಣಿ ಪೋಣಿಸುತ್ತವೆ, ಚೆಲ್ಲುತ್ತವೆ, ಜಗಳವಾಡುತ್ತವೆ. ಇವಳು ಕೈಕಟ್ಟಿ ಗೋಡೆಗೆ ಒರಗಿ ಕೂತಿರುತ್ತಾಳೆ. ನೀನೂ ಮಾಡು ಎಂದರೆ ಒಂದೇ ಉತ್ತರ.

"ಏನಂತಾಳೆ?" ಎಂದ ಮೇಸ್ತ್ರಿ.

"ನಂಗೆ ಬರಲ್ಲ, ತಾತ ಮಾಡ್ತಾರೆ. ಅಷ್ಟೇ ಮಾವ."

ಮೇಸ್ತ್ರಿಗೆ ಮೊದಲು ಸಿಟ್ಟು ಬಂತು. ತನ್ನ ಮನೆಯ ಮಗು ಯಾರಿಗೂ ಕಡಿಮೆಯಿಲ್ಲ ಎಂದ. ಶಾಲೆಯ ಸಾಮಾನೇ ಸರಿಯಿಲ್ಲದಿರಬಹುದು ಎಂದ. ಟೀಚರಮ್ಮ ಅದಕ್ಕೂ ಒಪ್ಪಿಕೊಂಡಳು. ಇದ್ದ ಆಟದ ಸಾಮಾನೆಲ್ಲ ಮುರಿದು ಮೂಲೆ ಸೇರಿದೆ, ಅದಕ್ಕೇ ನಿಮ್ಮ ಹತ್ತಿರ ಬಂದದ್ದು ಎಂದಳು. ಅವಳಿಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಮಗು ಒಬ್ಬಳೇ ಕೂತು ಆಡುವಂಥದ್ದು. ತಪ್ಪಾದರೆ ಪಕ್ಕದಲ್ಲಿ ನಿಂತು ಯಾರೂ ಹೇಳಬಾರದು, ಆಟದ ಸಾಮಾನೇ ಹೇಳಬೇಕು.

ಟೀಚರಮ್ಮ ಹೋದ ಮೇಲೆ ಮರ ಹೆರೆಯುವ ಕೀಸುಳಿಯನ್ನು ಹಿಡಿದು ಕೂತವನು ಅದನ್ನು ಹಾಗೇ ಕೆಳಗಿಟ್ಟ. ಕೈಕಟ್ಟಿ ಗೋಡೆಗೆ ಒರಗಿದ ಮಗು ಕಣ್ಣ ಮುಂದಿನಿಂದ ಸರಿಯಲಿಲ್ಲ. ಆಮೇಲೆ ಎದ್ದು ತೇಗದ ಒಂದು ತುಂಡನ್ನು ಆರಿಸಿದ. ಹೊಸದೇನೋ ಮಾಡಬೇಕೆಂದರೂ ಕೈ ಬಲ್ಲದ್ದನ್ನೇ ಮಾಡುತ್ತದೆ. ಮೊಳದುದ್ದದ ಹಲಗೆ, ಅದರಲ್ಲಿ ಸಾಲಾಗಿ ಕೊರೆದ ಐದು ಬಾಗಿಲ ಜಾಗಗಳು, ದೊಡ್ಡದರಿಂದ ಚಿಕ್ಕದಕ್ಕೆ, ಹಿಂದುಗಡೆ ತೆಳು ಹಲಗೆಯ ಗೋಡೆ. ಐದು ಪುಟ್ಟ ಬಾಗಿಲುಗಳು, ಒಂದೊಂದಕ್ಕೂ ಹಿಡಿದೆತ್ತಲು ಮೇಲಂಚಿನ ಹತ್ತಿರ ಹುರುಳಿಕಾಳಿಗಿಂತ ತುಸು ದೊಡ್ಡದಾದ ಹಿಡಿ. ಯಾವ ಬಾಗಿಲು ಯಾವ ಜಾಗದ್ದೋ ಅಲ್ಲೇ ಕೂರಬೇಕು. ಮನೆಯ ಬಾಗಿಲಿಗಾದರೆ ತಿರುಗುವ ಕೀಲಿರುತ್ತದೆ, ಸ್ವಲ್ಪ ಸಂದಿ ಬಿಟ್ಟರೂ ನಿಲ್ಲುತ್ತದೆ. ಕೀಲಿಲ್ಲದ ಈ ಬಾಗಿಲನ್ನು ಬಿಗಿಯೇ ಹಿಡಿದುಕೊಳ್ಳಬೇಕು ಎಂದು ಅವನು ಲೆಕ್ಕ ಹಾಕಿದ. ಮೂರು ದಿನ ಉಪ್ಪುಕಾಗದ ತಿಕ್ಕಿ ತಿಕ್ಕಿ ಕನ್ನಡಿಯ ಹಾಗೆ ಮಾಡಿದ. ಹೆಂಡತಿಯ ಬಾಚಣಿಗೆ ಹುಡುಕಿದ. ಐದೂ ಬಾಗಿಲಿನಲ್ಲಿ ಯಾವ ಸಂದಿಗೂ ಕೂದಲು ಹೋಗಲಿಲ್ಲ.

ಗುಂಡಕ್ಕನ ಮುಂದೆ ಹಲಗೆ ಇಟ್ಟಾಗ ಅವಳ ಕಣ್ಣು ಅರಳಿದ್ದು ನಿಜ. ದೊಡ್ಡ ಬಾಗಿಲನ್ನು ತೆಗೆದುಕೊಂಡು ದೊಡ್ಡ ಜಾಗದ ಮೇಲೆ ಸರಿಯಾಗಿಯೇ ಇಟ್ಟಳು. ಒತ್ತಿದಳು. ಹೋಗಲಿಲ್ಲ. ಎರಡೂ ಅಂಗೈಯಿಂದ ಒತ್ತಿದಳು. ಆಗಲೂ ಹೋಗಲಿಲ್ಲ. ತಾತನಿಗೆ ತಡೆಯಲಾಗಲಿಲ್ಲ, ಹಂಗಲ್ಲ, ತಾ ಇಲ್ಲಿ ಎಂದು ಇಸಿದುಕೊಂಡು, ಕೊಡತಿಯಿಂದ ಎರಡು ಏಟು ಕೊಟ್ಟು ಕೂರಿಸಿದ. ತಲೆಯೆತ್ತಿ ನೋಡಿದರೆ ಮಗು ಕೈಕಟ್ಟಿ ಕೂತುಬಿಟ್ಟಿತ್ತು.

ಆದರೂ ಹಲಗೆ ಶಾಲೆಗೆ ಹೋಯಿತು, ಎರಡನೆಯ ದಿನವೇ ವಾಪಸಾಯಿತು. ಟೀಚರಮ್ಮ ನಗು ತಡೆದುಕೊಂಡು ನಡೆದದ್ದನ್ನೆಲ್ಲ ಹೇಳಿದಳು. ಮಕ್ಕಳಲ್ಲಿ ಗಟ್ಟಿಗಿತ್ತಿಯೊಬ್ಬಳು ಹಲಗೆಯ ಮೇಲೆ ಹತ್ತಿ ಕುಣಿದು ಐದೂ ಬಾಗಿಲನ್ನು ಕೂರಿಸಿದ್ದಳಂತೆ. ಕೂತದ್ದು ಕೂತೇಬಿಟ್ಟಿತು. ಟೀಚರಮ್ಮ ಎಳೆದಳು, ಅಡುಗೆಯವಳು ಕಾಲು ಕೊಟ್ಟು ಎಳೆದಳು, ಕಾಗದ ಕೊಡಲು ಬಂದ ಅಂಚೆಯವನು ಚೀಲ ಕೆಳಗಿಟ್ಟು ಎಳೆದ. ಮೇಸ್ತ್ರಿಯ ಕೆಲಸ, ಹಿಡಿಯೂ ಕಿತ್ತು ಬರಲಿಲ್ಲ.

"ನಿಮ್ಮ ಕೆಲಸದಲ್ಲಿ ತಪ್ಪು ಹುಡುಕೋಕಾಗಲ್ಲ ಮಾವ," ಎಂದಳು. "ಕಳ್ಳ ಬಂದ್ರೆ ಒಳಗೆ ಹೋಗಲ್ಲ. ಆದ್ರೆ ಮಕ್ಕಳೂ ಹೋಗೋಕಾಗಲ್ವಲ್ಲ."

ಸಂದಿ ಬಿಡಬೇಕು. ಕೇಳಲು ಎರಡೇ ಮಾತು. ಮೇಸ್ತ್ರಿಗೆ ಅದು ಊರ ಮುಂದೆ ಅಂಗಿಯಿಲ್ಲದೆ ನಡೆದ ಹಾಗೆ. ಹಿಂದಿನ ತೆಳು ಹಲಗೆ ಬಿಚ್ಚಿ ಬಾಗಿಲುಗಳನ್ನು ಹೊರಗೆ ತಳ್ಳಿ, ಕೀಸುಳಿ ಹಿಡಿದು ಬಾಗಿಲ ಅಂಚಿನಿಂದ ಒಂದು ಎಳೆ ಸಿಪ್ಪೆ ತೆಗೆದ, ನಿಲ್ಲಿಸಿದ. ಇನ್ನೊಂದು ಎಳೆ ತೆಗೆದ, ಬೀದಿಯ ಕಡೆ ನೋಡಿದ. ಅಂಗಳದಲ್ಲಿ ಕಾಳು ಸುಲಿಯುತ್ತಿದ್ದ ಹೆಂಡತಿ ಇದನ್ನೆಲ್ಲ ಕಂಡು, ಯಾರೂ ಬರ್ತಾ ಇಲ್ಲ, ಧೈರ್ಯವಾಗಿ ಹೆರೀರಿ ಎಂದಳು. ಎಷ್ಟು ಬಿಡಬೇಕೆಂಬುದಕ್ಕೆ ಅವನಲ್ಲಿ ಅಳತೆಯೇ ಇರಲಿಲ್ಲ. ನಲವತ್ತು ವರ್ಷ ಅವನು ಅಳೆದದ್ದು ಎಷ್ಟು ಬಿಡಬಾರದು ಎಂಬುದನ್ನು. ಕೊನೆಗೆ ಮಗನ ಹಳೆಯ ನೋಟುಪುಸ್ತಕದ ರಟ್ಟು ಸಿಕ್ಕಿತು. ಸುತ್ತಲೂ ಒಂದು ರಟ್ಟಿನಷ್ಟು ಬಿಟ್ಟು ನೋಡಿದ, ಬಾಗಿಲು ಎಡವುತ್ತಿತ್ತು. ಎರಡು ರಟ್ಟಿನಷ್ಟು ಬಿಟ್ಟಾಗ ಮೇಲಿನಿಂದ ಕೈಬಿಟ್ಟರೆ ಸಾಕು, ಟಕ್ಕೆಂದು ತಾನೇ ಹೋಗಿ ಕೂತಿತು. ಆ ಸದ್ದು ಅವನಿಗೆ ಹಿಡಿಸಿತು. ಯಾರೂ ಇಲ್ಲದಾಗ ಎಂಟು ಹತ್ತು ಸಲ ಕೇಳಿಸಿಕೊಂಡ.

ಈ ಸಲ ಗುಂಡಕ್ಕನಿಗೆ ಕಷ್ಟವಾಗಲಿಲ್ಲ. ಅದೇ ಹೊಸ ತಾಪತ್ರಯವಾಯಿತು. ಅತಿ ಚಿಕ್ಕ ಬಾಗಿಲನ್ನು ತೆಗೆದುಕೊಂಡು ಅತಿ ದೊಡ್ಡ ಜಾಗದಲ್ಲಿ ಇಟ್ಟಳು; ಅದು ಹೋಯಿತು. ನಡುವಿನ ಮೂರನ್ನೂ ಸಿಕ್ಕ ಸಿಕ್ಕಲ್ಲಿ ಇಟ್ಟಳು. ಕೊನೆಗೆ ದೊಡ್ಡ ಬಾಗಿಲೊಂದು ಎಲ್ಲೂ ಹಿಡಿಸದೆ ಕೈಯಲ್ಲಿ ಉಳಿಯಿತು. ಇಲ್ಲಿ ಮಗು ತಪ್ಪನ್ನು ಕಂಡುಕೊಳ್ಳಬೇಕು ಎಂಬುದು ಟೀಚರಮ್ಮನ ಎಣಿಕೆ. ಗುಂಡಕ್ಕ ಅದನ್ನು ತಿರುಗಿಸಿ ನೋಡಿದಳು, ಬಟ್ಟೆಯ ಬೊಂಬೆಯನ್ನು ತಂದು ಅದರ ಮೇಲೆ ಮಲಗಿಸಿದಳು, ಹೊದಿಕೆ ಹೊದಿಸಿದಳು. ಬಾಗಿಲು ಮಂಚವಾಯಿತು. ಮೇಸ್ತ್ರಿಯ ಕೈ ತನ್ನಷ್ಟಕ್ಕೆ ಮುಂದೆ ಹೋಯಿತು. ಅಜ್ಜಿ ಸುಲಿದ ಕಾಳಿನ ಮೊರವನ್ನು ಆ ಕೈಗೇ ಕೊಟ್ಟು, ಹಿಡ್ಕೊಳ್ಳಿ ಎಂದುಬಿಟ್ಟಳು.

ಮಗು ಆಡಲು ಹೊರಗೆ ಹೋದ ಮೇಲೆ ಅವನು ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಪೆಚ್ಚಾಗಿ ಕೂತ. ಬಿಗಿ ಮಾಡಿದರೆ ಮಗು ಸೋಲುತ್ತದೆ, ಸಡಿಲ ಮಾಡಿದರೆ ತಪ್ಪಾಯಿತೆಂದು ಹಲಗೆ ಬಾಯಿ ಬಿಡುವುದಿಲ್ಲ. ಇದು ನನ್ನ ಕೈಲಾಗುವ ಕೆಲಸವಲ್ಲ, ಟೀಚರಮ್ಮನಿಗೆ ಹೇಳಿಬಿಡುತ್ತೇನೆ ಎಂದ.

ಹೆಂಡತಿ ಹಲಗೆಯನ್ನು ಇಸಿದುಕೊಂಡು ಬಾಗಿಲನ್ನು ಒಂದೊಂದಾಗಿ ಎತ್ತಿದಳು. ಹಿಂದೆ ಬೋಳು ಮರ.

"ಒಳಗೆ ಯಾರೂ ಇಲ್ವಲ್ರೀ."

"ಯಾರಿರ್ಬೇಕು?"

"ಯಾರೂ ಇಲ್ದೇ ಇರೋ ಮನೆಗೆ ಸರಿಯಾಗಿ ಬಾಗಿಲು ಹಾಕ್ಬೇಕು ಅಂತ ಮಗೂಗೆ ಯಾಕೆ ಅನ್ಸುತ್ತೆ? ನಾನಾದ್ರೂ ಹಾಕ್ತಿರ್ಲಿಲ್ಲ."

ಮೇಸ್ತ್ರಿ ಹೆಂಡತಿಯ ಮುಖವನ್ನೇ ನೋಡಿದ. ಊರಿಗೆಲ್ಲ ಬಾಗಿಲು ಕೂರಿಸಿದವನಿಗೆ ಇದು ಹೊಳೆದಿರಲಿಲ್ಲ. ಚೌಕಟ್ಟಿನ ಆಚೆಗೆ ಅವನು ನೋಡಿದ್ದೇ ಕಡಿಮೆ. ತಕ್ಷಣ ಕಿವಿಯ ಮೇಲಿನ ಸೀಸದ ಕಡ್ಡಿ ತೆಗೆದು ದೊಡ್ಡ ಜಾಗದಲ್ಲಿ ಆನೆ ಬರೆಯಲು ಕೂತ. ಗೆರೆಯೆಲ್ಲ ನೆಟ್ಟಗೆ ಬಂತು, ಆನೆ ಬರಲಿಲ್ಲ. ಹೆಂಡತಿ ಬಗ್ಗಿ ನೋಡಿ, ಪೆಟ್ಟಿಗೆಗೆ ಕೊಳವೆ ಯಾಕೆ ಹಾಕಿದೀರಿ ಎಂದು ಕೇಳಿದಳು. ಆಮೇಲೆ ತಾನೇ ಕಡ್ಡಿ ತೆಗೆದುಕೊಂಡಳು. ಅವಳ ಆನೆಯ ಕಾಲು ಒಂದು ಉದ್ದ ಒಂದು ಗಿಡ್ಡ, ಕಿವಿ ಮೊರದಷ್ಟು. ಆದರೂ ಅದು ಆನೆಯೇ, ಅದರಲ್ಲೂ ನಗುವ ಆನೆ. ಪಕ್ಕದಲ್ಲಿ ಹಸು, ಆಮೇಲೆ ನಾಯಿ, ಕೋಳಿ, ಕೊನೆಯ ಗೂಡಿನಲ್ಲಿ ಮೂಲೆಗೆ ಒತ್ತಿಕೊಂಡ ಇಲಿ. ಕಿಟಕಿಗೆ ಹೊಡೆದು ಉಳಿದ ಬಣ್ಣವಿತ್ತು, ಆನೆ ನೀಲಿಯಾಯಿತು. ಆನೆ ನೀಲಿ ಇರುತ್ತದೆಯೇ ಎಂದು ಮೇಸ್ತ್ರಿ ಬಾಯಿ ತೆರೆದವನು ಮುಚ್ಚಿಕೊಂಡ.

ಬಣ್ಣ ಆರಿದ ಮೇಲೆ, ರಜೆಯ ದಿನ ಬೆಳಿಗ್ಗೆ, ಹಲಗೆಯನ್ನು ಅಂಗಳದ ಚಾಪೆಯ ಮೇಲೆ ಇಟ್ಟರು. ಟೀಚರಮ್ಮನೂ ಬಂದಿದ್ದಳು. ಯಾರೂ ಮಗುವನ್ನು ನೋಡಬಾರದು ಎಂದು ಅವಳ ಕಟ್ಟಪ್ಪಣೆ. ಅಜ್ಜಿ ಕಾಳು ಸುಲಿದಳು, ಟೀಚರಮ್ಮ ಹಾಜರಿ ಪುಸ್ತಕ ತಿರುವಿದಳು. ಮೇಸ್ತ್ರಿಗೆ ನೋಡದೆ ಇರುವುದು ಗೊತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಕೂತುಬಿಟ್ಟ.

ಗುಂಡಕ್ಕ ಬೊಂಬೆಯ ಜೊತೆ ಬಂದಳು. ಮಂಚ ಬೇಕಾಗಿತ್ತು, ದೊಡ್ಡ ಬಾಗಿಲನ್ನು ಎತ್ತಿದಳು. ಒಳಗೆ ನೀಲಿ ಆನೆ. ಅವಳು ಬೊಂಬೆಯನ್ನು ಆ ಬಾಗಿಲ ಮೇಲೆ ಮಲಗಿಸಿ ಅಲ್ಲೇ ಕುಕ್ಕರುಗಾಲಲ್ಲಿ ಕೂತಳು. ಒಂದೊಂದೇ ಬಾಗಿಲು ಎತ್ತಿ ಒಳಗಿದ್ದವರನ್ನೆಲ್ಲ ಮಾತಾಡಿಸಿದಳು. ಇಲಿಯ ಹತ್ತಿರ ಗುಟ್ಟಿನಲ್ಲಿ ಏನೋ ಹೇಳಿದಳು. ಆಮೇಲೆ, ಮಲಗೋ ಹೊತ್ತಾಯ್ತು ಎಂದು ಅಜ್ಜಿಯ ಧ್ವನಿಯಲ್ಲೇ ಹೇಳಿ, ಕೈಗೆ ಸಿಕ್ಕಿದ ಇಲಿಯ ಬಾಗಿಲನ್ನು ತಂದು ಆನೆಗೆ ಇಟ್ಟಳು.

ಆನೆಯ ಹೊಟ್ಟೆ ಮುಚ್ಚಿತು. ಎರಡು ಕಿವಿ, ಒಂದು ಕಣ್ಣು, ಸೊಂಡಿಲು ಎಲ್ಲ ಹೊರಗೆ.

ಮಗು ತಲೆಯೆತ್ತಿ ಸುತ್ತ ನೋಡಿತು. ಅಜ್ಜಿಯ ಕಣ್ಣು ಮೊರದಲ್ಲಿ, ಟೀಚರಮ್ಮನ ಕಣ್ಣು ಪುಸ್ತಕದಲ್ಲಿ. ತಾತ ಆಕಾಶ ನೋಡುತ್ತಿದ್ದ. ತೊಡೆಯ ಕೆಳಗೆ ಅವನ ಕೈ ಜೋಮು ಹಿಡಿದಿತ್ತು, ನಾಲಿಗೆಯ ತುದಿಯಲ್ಲಿ ಆ ಮಾತು ಬಂದು ನಿಂತಿತ್ತು. ಅವನು ಹಲ್ಲು ಕಚ್ಚಿದ. ಮಗುವಿನ ಕೈಗಳು ಮೆಲ್ಲಗೆ ಕಟ್ಟಿಕೊಳ್ಳಲು ಹೊರಟವು.

ಆಗ ಗುಂಡಕ್ಕ ಇನ್ನೊಮ್ಮೆ ಆನೆಯನ್ನು ನೋಡಿದಳು. ಕಿಸಕ್ಕೆಂದು ನಕ್ಕಳು. "ಇಣುಕ್ತಾ ಇದೆ," ಎಂದಳು ಬೊಂಬೆಗೆ. ಇಲಿಯ ಬಾಗಿಲನ್ನು ಕಿತ್ತು ಕೋಳಿಯ ಬಾಗಿಲು ಇಟ್ಟಳು. ಸೊಂಡಿಲು ಹೊರಗೇ ಇತ್ತು. ಮತ್ತೂ ನಕ್ಕಳು. ನಾಯಿಯದು, ಹಸುವಿನದು, ಒಂದೊಂದನ್ನೂ ಇಟ್ಟು ತೆಗೆದು, ಕೊನೆಗೆ ಬೊಂಬೆಯನ್ನು ಮಂಚದಿಂದ ಎಬ್ಬಿಸಿ ಪಕ್ಕಕ್ಕೆ ಕೂರಿಸಿ, ಆ ದೊಡ್ಡ ಬಾಗಿಲನ್ನು ಎರಡು ಕೈಯಲ್ಲಿ ತಂದು ಬಿಟ್ಟಳು. ಟಕ್. ಕಿವಿ, ಕಣ್ಣು, ಸೊಂಡಿಲು ಎಲ್ಲ ಒಳಗೆ ಹೋದವು. ಉಳಿದವರನ್ನು ಮಲಗಿಸಲು ಅವಳಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ನಾಯಿಯ ಬಾಗಿಲು ಮಾತ್ರ ತಲೆಕೆಳಗಾಗಿ ಕೂತಿತು, ಹಿಡಿ ಕೆಳಗೆ ಬಂದಿತ್ತು.

ಮೇಸ್ತ್ರಿ ಆ ಹಿಡಿಯನ್ನು ನೋಡಿದ. ಆಕಾಶ ನೋಡಿದ. ಮತ್ತೆ ಹಿಡಿಯನ್ನು ನೋಡಿದ. ಕಟ್ಟೆಯಿಂದ ಇಳಿದು ಚಾಪೆಯ ಹತ್ತಿರ ಹೋಗಿ ಕೂತಾಗ ಅಜ್ಜಿಯ ಕೈಯಲ್ಲಿನ ಕಾಳು ಅಲ್ಲೇ ನಿಂತಿತು. ಅವನು ನಾಯಿಯ ಬಾಗಿಲನ್ನು ಎತ್ತಿದ. ಬರೀ ಹಿಡಿ ಮೇಲೆ ಮಾಡಬೇಕೆಂದಿದ್ದ, ಅಷ್ಟೇ. ಜೋಮು ಹಿಡಿದ ಕೈ ಜಾರಿ ಬಾಗಿಲು ಹೋಗಿ ಹಸುವಿನ ಮನೆಯ ಮೇಲೆ ಅಡ್ಡ ಬಿತ್ತು.

ಗುಂಡಕ್ಕ ಅವನ ಕೈಯನ್ನು ಎರಡು ಬೆರಳಿನಿಂದ ಹಿಡಿದು ಪಕ್ಕಕ್ಕಿಟ್ಟಳು.

"ಹಂಗಲ್ಲ ತಾತ," ಎಂದಳು. "ತಾ ಇಲ್ಲಿ."

ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಟೀಚರಮ್ಮ ಪುಸ್ತಕವನ್ನು ತಲೆಕೆಳಗಾಗಿ ಹಿಡಿದಿದ್ದದ್ದು ಆಗ ಎಲ್ಲರಿಗೂ ಕಂಡಿತು. ಮೇಸ್ತ್ರಿ ಮಾತ್ರ ನಗಲಿಲ್ಲ. ಅವನು ಬಾಗಿಲನ್ನು ಮೊಮ್ಮಗಳ ಅಂಗೈಯಲ್ಲಿಟ್ಟು, ಎರಡೂ ಕೈಯನ್ನು ಎದೆಗೆ ಕಟ್ಟಿಕೊಂಡು, ಹಿಂದಕ್ಕೆ ಸರಿದು ಕಟ್ಟೆಗೆ ಒರಗಿದ.

"ನಂಗೆ ಬರಲ್ಲಮ್ಮ," ಎಂದ. "ನೀನೇ ಹಾಕು."