ದಣಿಯುವ ಮುಂಚೆ

“ರಾತ್ರಿಯೆಲ್ಲ ಮಲಗಿದ್ದು ನಾನೇನಾ, ಇಲ್ಲಾ ನನ್ನ ಹೆಸರಲ್ಲಿ ಬೇರೆ ಯಾರಾದ್ರೂ ಮಲಗಿದ್ರಾ?”

ಬೆಳಿಗ್ಗೆ ಎದ್ದವಳ ಈ ಮಾತು ಕೇಳಿಸಿಕೊಳ್ಳಲು ಕೋಣೆಯಲ್ಲಿ ಯಾರೂ ಇರಲಿಲ್ಲ. ರೋಗ ತಡೆಯಬೇಕಾದ ಮೈಯ ಕಾವಲೇ ಮೈಮೇಲೆ ತಿರುಗಿಬೀಳುವ ಕಾಯಿಲೆ ಅವಳದು. ಮಾತ್ರೆಗಳಿಂದ ಬೆರಳ ಗೆಣ್ಣುಗಳ ಊತ ಇಳಿದಿತ್ತು. ದಣಿವು ಮಾತ್ರ ಊಟವಾದರೂ ಏಳದ ನೆಂಟನ ಹಾಗೆ ಕೂತೇ ಇತ್ತು.

ಅಣ್ಣನ ಬೈಂಡಿಂಗ್ ಅಂಗಡಿಯಲ್ಲಿ ಮಡಿಸಿದ ಹಾಳೆಗಳನ್ನು ಹೊಲಿದು ಪುಸ್ತಕ ಮಾಡುವುದು ಅವಳ ಕೆಲಸ. ಮೈ ಹಗುರಾದ ದಿನ ಮೂರು ದಿನದ ಹೊಲಿಗೆ ಮುಗಿಸುವಳು. ಆಮೇಲೆ ವಾರವಿಡೀ ಹಾಸಿಗೆ. “ಇನ್ನೊಂದ್ಸಲ ಹೀಗೆ ಮಲಗಿದ್ರೆ ನಿನ್ನ ಜಾಗಕ್ಕೆ ಬೇರೆಯವರನ್ನ ನೋಡ್ಬೇಕಾಗುತ್ತಮ್ಮ” ಎಂದು ಅಣ್ಣ ಹಿಂದಿನ ದಿನವಷ್ಟೇ ಹೇಳಿದ್ದ. ಮೆಲ್ಲಗೇ ಹೇಳಿದ್ದ, ಅದಕ್ಕೇ ಹೆಚ್ಚು ಚುಚ್ಚಿತ್ತು.

ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುವಾಕೆ ಎಲ್ಲವನ್ನೂ ಕೇಳಿ ನಕ್ಕಳು.

“ನಿಮಗೆ ಚೆನ್ನಾಗಿರೋ ದಿನಾನೇ ಶತ್ರು. ದಿನಾ ಹತ್ತು ನಿಮಿಷ ನಡೀರಿ, ಉಮೇದು ಬಂದ್ರೂ ಸದ್ಯಕ್ಕೆ ಹತ್ತೇ. ಇಪ್ಪತ್ತು ನಿಮಿಷ ಹೊಲೀರಿ, ಆಮೇಲೆ ಕಾಲು ಚಾಚಿ. ಸುಸ್ತಾದ ಮೇಲಲ್ಲ, ಸುಸ್ತಾಗೋ ಮುಂಚೆ.”

ಇಪ್ಪತ್ತು ನಿಮಿಷಕ್ಕೆಂದು ಇಟ್ಟ ಗಡಿಯಾರದ ಗಂಟೆಗೆ ಅವಳು ಬೆಚ್ಚುತ್ತಿದ್ದಳು. ಅಪ್ಪ ಮುಂಜಾನೆ ವಾಚಿಸುತ್ತಿದ್ದ ಕಾವ್ಯದಲ್ಲಿ ದೇವರು ಯುದ್ಧಕ್ಕಿಳಿಯುವ ಒಂದು ಅಧ್ಯಾಯ ಅವಳಿಗೆ ಬಾಯಿಪಾಠ. ಮೆಲ್ಲನೆ ಹೇಳಿಕೊಂಡರೆ ಇಪ್ಪತ್ತು ನಿಮಿಷ. ಗಡಿಯಾರದ ಬದಲು ಅದನ್ನೇ ಹೇಳಿಕೊಳ್ಳುತ್ತ ಹೊಲಿಯತೊಡಗಿದಳು. ಕಡೆಯ ಪದ್ಯ ಮುಗಿದೊಡನೆ ಸೂಜಿ ಕೆಳಗಿಟ್ಟು, ಕಾಗದದ ಹೊರೆಗಳ ಹಿಂದಿನ ಚಾಪೆಗೆ ಹೋಗುವಳು.

“ಯುದ್ಧದ ನಡುವೆ ದೇವರನ್ನ ನಿಲ್ಲಿಸಿ ಮಲಗ್ತೀಯಲ್ಲೇ!” ಅಂಟು ಕಲಸುತ್ತಿದ್ದ ಅತ್ತಿಗೆ ಛೇಡಿಸಿದಳು.

“ಅವನು ಕಾಯ್ತಾನೆ ಅತ್ತಿಗೆ. ನಿಮ್ಮ ಯಜಮಾನ್ರ ಹಾಗಲ್ಲ.”

ಮೊದಮೊದಲು ಪುಸ್ತಕಗಳು ಕಡಿಮೆಯಾದವು. ಆದರೆ ಆರು ವಾರ ಕಳೆದರೂ ಅವಳು ಒಂದು ದಿನವೂ ಕೆಲಸ ತಪ್ಪಿಸಲಿಲ್ಲ. ದಣಿವು ಹೋಗಿರಲಿಲ್ಲ, ಹೇಳದೆ ಕೇಳದೆ ಬಂದು ಕೆಡವುವುದನ್ನು ಬಿಟ್ಟಿತ್ತು.

ಒಂದು ಮಧ್ಯಾಹ್ನ ಅವಳು ದಿನದ ಪಾಲು ಮುಗಿಸಿ ದಾರದ ಉಂಡೆ ಎತ್ತಿಡುವಾಗ ಅಣ್ಣ ಬಂದ. ಗ್ರಂಥಾಲಯದ ಪುಸ್ತಕಗಳು ಮರುದಿನವೇ ಹೋಗಬೇಕಿತ್ತು, ಹೊಲಿಯಲು ಇನ್ನೂ ಮೂವತ್ತು ಉಳಿದಿದ್ದವು.

“ಇವತ್ತು ಮುಖ ಕಳೆಕಳೆಯಾಗಿದೆ. ಇದೊಂದು ದಿನ ಸಂಜೆವರೆಗೂ ಕೂತ್ಕೋ. ಬೇಕಾದ್ರೆ ನಾಳೆ ರಜಾ ತಗೋ.”

ಮೈ ನಿಜವಾಗಿಯೂ ಹಗುರಾಗಿತ್ತು. ಬೆರಳುಗಳು ತಾವಾಗಿಯೇ ಸೂಜಿಯತ್ತ ಹೋದವು. ಕೈ ಹಿಂದಕ್ಕೆ ತೆಗೆದುಕೊಂಡಳು.

“ಇವತ್ತು ಕೂತ್ರೆ ಮಲಗೋದು ನಾಳೆ ಒಂದಿನಕ್ಕೆ ಮುಗಿಯಲ್ಲಣ್ಣ.”

“ಕೊಟ್ಟ ಮಾತು ಹೋಗುತ್ತೆ ಕಣೇ. ಅಣ್ಣ ಕೇಳ್ತಿದೀನಿ.”

ಅವನ ಮುಖ ನೋಡಿಯೇ ಹೇಳಿದಳು:

“ಇಲ್ಲ. ಕೂರಲ್ಲ.”