ಲೋಹದೊಳಗಿನ ಸೂಜಿಗಳು

ಸೂಜಿಗಳು, ಮತ್ತೆ ಸೂಜಿಗಳೇ, ಸೂಕ್ಷ್ಮದರ್ಶಕದ ಬೆಳಕಿನಲ್ಲಿ ಕಪ್ಪಗೆ, ಸಣ್ಣಗೆ, ಮುರಿದ ಅಂಚಿನ ಹತ್ತಿರ ಒತ್ತೊತ್ತಾಗಿ, ಒಳಗೆ ಹೋದಂತೆ ವಿರಳವಾಗಿ — ಟೈಟಾನಿಯಂನೊಳಗೆ ಸೇರಿದ ಹೈಡ್ರೋಜನ್ ಹೀಗೆ ಗಟ್ಟಿಕಟ್ಟುತ್ತದೆ, ಲೋಹ ಬಿಸ್ಕತ್ತಿನ ಹಾಗೆ ಪೆಡಸಾಗುತ್ತದೆ, ಎಷ್ಟು ಸಲ ನೋಡಿಲ್ಲ ನಾನು, ಆದರೆ ಅವೆಲ್ಲ ಯಾರ ಯಾರದೋ ಸೊಂಟಕ್ಕೆ ಹಾಕಿದ್ದ ಕೀಲುಗಳು, ಇದು ಅಮ್ಮನದು. ನೀವು ಬೇಡಮ್ಮಾ, ಬೇರೆಯವರು ನೋಡ್ಲಿ ಅಂದರು ಲ್ಯಾಬಿನ ಯಜಮಾನರು, ನಾನೇ ನೋಡ್ತೀನಿ ಸರ್ ಅಂದೆ, ಹಟ, ಅಮ್ಮನಿಂದ ಬಂದ ಹಟ, ಸೊಂಟಕ್ಕೆ ಹೊಸ ಕೀಲು ಹಾಕಿಸಿಕೊಂಡು ಮನೆಗೆ ಬಂದವಳೇ ಹೊಲಿಗೆ ಮೆಷಿನ್ ಮುಂದೆ ಕೂತಳು, ಒಳಗೆ ಕಬ್ಬಿಣ ಇಟ್ಟಿದಾರೆ ಕಣೇ, ಇನ್ನು ನಾನು ಅಷ್ಟು ಸುಲಭಕ್ಕೆ ಹೋಗೋ ಪೈಕಿ ಅಲ್ಲ, ಕಬ್ಬಿಣ ಅಲ್ಲಮ್ಮಾ ಟೈಟಾನಿಯಂ, ಏನೋ ಒಂದು, ನಿನ್ನಷ್ಟು ಓದಿಲ್ಲ ತಾಯಿ ನಾನು, ಬಾ ಇಲ್ಲಿ, ಈ ಸೂಜಿಗೆ ದಾರ ಪೋಣಿಸ್ಕೊಡು — ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ. ಆಮೇಲೆ ಒಂದು ಬೆಳಿಗ್ಗೆ ಒಲೆಯ ಮುಂದೆ ಕೀಲಿನ ಕುತ್ತಿಗೆ, ಅದರ ಗುಂಡು ತಲೆಯನ್ನು ಹೊತ್ತ ಸಣ್ಣ ತುಂಡು, ಪಟ್ಟನೆ ಮುರಿಯಿತು, ಬೀಳಲಿಲ್ಲ ಕಣೇ, ನಿಂತೇ ಇದ್ದೆ, ಅದೇ ಮುರೀತು, ಆಸ್ಪತ್ರೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದಳು, ಡಾಕ್ಟರು ಹೂಂ ಹೂಂ ಅಂದರು, ಅಣ್ಣನೂ ನಂಬಲಿಲ್ಲ, ವಯಸ್ಸಾದೋರು, ಬಿದ್ದಿರ್ತಾರೆ, ಒಪ್ಪಿಕೊಳ್ಳೋಕೆ ನಾಚಿಕೆ. ಮುರಿದದ್ದನ್ನು ತೆಗೆದ ಎರಡನೇ ಆಪರೇಷನ್ ಆದಮೇಲೆ ಅಮ್ಮ ಏಳಲೇ ಇಲ್ಲ, ತೆಗೆದ ಕೀಲು ನಮ್ಮ ಲ್ಯಾಬಿಗೆ ಬಂತು.

ಬಿದ್ದಿರಲಿಲ್ಲ ಅವಳು, ಕೀಲಿನ ಕುತ್ತಿಗೆ ಕೂರುವ ಸಂದಿಯಲ್ಲಿ ಮೈಯ ನೀರು ನಿಂತಿತ್ತು, ಲೋಹ ಅಲ್ಲಿ ಸವೆಯುತ್ತಿತ್ತು, ಆ ನೀರಿನಿಂದ ಬಿಟ್ಟುಬಂದ ಹೈಡ್ರೋಜನ್ ಪರಮಾಣುಗಳು, ಎಲ್ಲಕ್ಕಿಂತ ಪುಟ್ಟವು, ಟೈಟಾನಿಯಂ ಪರಮಾಣುಗಳ ನಡುವೆ ನುಸುಳಿ, ಒಂದು ಎಡೆಯಿಂದ ಇನ್ನೊಂದಕ್ಕೆ ಜಿಗಿಯುತ್ತ, ಎಲ್ಲಿ ಲೋಹ ಹೆಚ್ಚು ಜಗ್ಗುತ್ತದೋ ಅಲ್ಲಿಗೇ ಹೋಗಿ ಗುಂಪುಗೂಡುತ್ತವೆ, ಅವಳು ಎದ್ದಾಗ, ಕೂತಾಗ, ಮೆಷಿನ್ ತುಳಿದಾಗ, ನನಗೆ ಇಷ್ಟೆಲ್ಲ ಗೊತ್ತಿದೆ, ಗೊತ್ತಿದ್ದು ಏನು ಬಂತು. ಸೂಜಿ ಕಂಡ್ರೆ ಸಾಲದು, ಗ್ಯಾಸ್ ಎಷ್ಟಿದೆ ಅಂತ ಅಳೀಬೇಕು, ಆಗ ಯಾರೂ ಎದುರಾಡಲ್ಲ ಅಂದರು ಯಜಮಾನರು. ಅಳೆಯಬೇಕಾದರೆ ಚೂರನ್ನು ಕುಲುಮೆಯಲ್ಲಿ ಕರಗಿಸಬೇಕು, ಹೈಡ್ರೋಜನ್ ಹೊರಬರುತ್ತದೆ, ಪರದೆಯ ಮೇಲೆ ಒಂದು ಗೆರೆ ಏರಿ ಇಳಿಯುತ್ತದೆ, ಆಮೇಲೆ ನಳಿಕೆಯಲ್ಲಿ ಹಾದು ಗಾಳಿಗೆ — ಅಮ್ಮನ ಮೈಯಿಂದ ಬಂದದ್ದು, ಅವಳು ಹೋದಮೇಲೂ ಇಲ್ಲಿ ಉಳಿದದ್ದು. ಈಗ ಗೊತ್ತಾಗಿ ಏನಾಗ್ಬೇಕೇ, ಬಿಡು ಅಂದ ಅಣ್ಣ ಫೋನಿನಲ್ಲಿ, ಏನಾಗಬೇಕು, ಅವಳ ಮಾತು ನಿಜ ಅಂತಾಗಬೇಕು, ಅಷ್ಟೇ. ಚೂರು ತೂಗಿದ್ದಾಯಿತು, ಇಕ್ಕಳದಲ್ಲಿ ಹಿಡಿದು ಒಳಗಿಟ್ಟದ್ದಾಯಿತು, ಹಸಿರು ಗುಂಡಿ, ಅದರ ಮೇಲೆ ನನ್ನ ಬೆರಳು, ಒತ್ತದಿದ್ದರೆ ಅವಳು ಬಿದ್ದವಳಾಗೇ ಉಳಿಯುತ್ತಾಳೆ, ಒತ್ತಿದರೆ ಈ ಚೂರಿನಲ್ಲಿ ಅವಳದು ಅಂತ ಇನ್ನೇನೂ ಇರುವುದಿಲ್ಲ, ಒತ್ತುತ್ತೇನೆ, ಒತ್ತಲೇಬೇಕು, ಬೇಗ ಪೋಣಿಸೇ, ಕೈ ಸೋತುಹೋಗ್ತಿದೆ, ಇರಮ್ಮಾ, ಒಂದು ನಿಮಿಷ, ಕಿಟಕಿಯ ಬೆಳಕಿನಲ್ಲಿ ಅಮ್ಮನ ಕೈ, ಕೈಯಲ್ಲಿ ಸೂಜಿ, ದಾರ ಇನ್ನೂ ನನ್ನ ಬೆರಳಲ್ಲೇ, ಸೂಜಿ —